ಮನೆಯ ನಾಯಿಗೆ ಫಿಟ್ಸ್ ಬಂದರೆ



ಮೌಳಂಗಿಯಂಥ ಕಾಡಂಚಿನ ಊರಿನಲ್ಲಿ ನಾಯಿ ಅಂದರೆ ಬರೀ ಮುದ್ದಿನ ಪ್ರಾಣಿ ಅಲ್ಲ. ರಾತ್ರಿ ಕೊಟ್ಟಿಗೆ ಕಾಯುವುದು, ಹೊಲಕ್ಕೆ ಹಂದಿ ಬಂದರೆ ಬೊಗಳಿ ಎಬ್ಬಿಸುವುದು, ಹೊಸಬರು ಅಂಗಳಕ್ಕೆ ಕಾಲಿಟ್ಟರೆ ಸುದ್ದಿ ಕೊಡುವುದು, ಇವೆಲ್ಲ ಅದರ ಕೆಲಸ. ಅಂಥ ನಾಯಿ ಒಂದು ದಿನ ಇದ್ದಕ್ಕಿದ್ದಂತೆ ಬಿದ್ದು, ಕಾಲು ಸೆಟೆದು, ಬಾಯಲ್ಲಿ ನೊರೆ ತಂದರೆ ಮನೆಯವರ ಎದೆ ಝಲ್ ಅನ್ನುತ್ತದೆ. ಓಣಿಯವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. “ಹುಚ್ಚ ಹಿಡದೈತಿ, ಹೊಡದ ಹಾಕ್ರಿ” ಅಂತ ಒಬ್ಬರು. “ಏನೋ ಬಡಕೊಂಡೈತಿ, ಅಡವ್ಯಾಗ ಬಿಟ್ಟ ಬರ್ರಿ” ಅಂತ ಇನ್ನೊಬ್ಬರು. ಹೀಗೆ ಗುಣವಾಗಿ ಬದುಕಬಹುದಾಗಿದ್ದ ಎಷ್ಟೋ ನಾಯಿಗಳು ಸಾಯುತ್ತವೆ. ಅದಕ್ಕಾಗಿ ಈ ಸಲದ ಪಾಠದಲ್ಲಿ ಇದೇ ವಿಷಯ ತಿಳಿದುಕೊಳ್ಳೋಣ.

ಫಿಟ್ಸ್ ಅಂದರೆ ಏನು?

ಮೆದುಳು ಕೆಲಸ ಮಾಡುವುದು ಸಣ್ಣ ವಿದ್ಯುತ್ ಸಂಕೇತಗಳ ಮೂಲಕ. ಈ ಸಂಕೇತಗಳು ಒಮ್ಮೆಲೇ ಅಂಕೆ ಮೀರಿದರೆ ಮೈ ತನ್ನಷ್ಟಕ್ಕೆ ಸೆಟೆದುಕೊಂಡು ಅದುರುತ್ತದೆ. ಮನುಷ್ಯರಿಗೆ ಬರುವ ಮೂರ್ಛೆರೋಗವೂ ಹೀಗೆಯೇ. ಇದರಲ್ಲಿ ದೆವ್ವ, ಮಾಟ, ಶಾಪ ಯಾವುದೂ ಇಲ್ಲ.

ಫಿಟ್ಸ್ ಬರುವ ಮೊದಲು ಕೆಲವು ನಾಯಿಗಳು ಚಡಪಡಿಸುತ್ತವೆ, ಮುಲುಗುತ್ತವೆ, ಮನೆಯವರ ಕಾಲಿಗೆ ಅಂಟಿಕೊಳ್ಳುತ್ತವೆ. ಆಮೇಲೆ ಒಂದು ಮಗ್ಗುಲಿಗೆ ಬಿದ್ದು, ಈಜುವ ಹಾಗೆ ಕಾಲು ಬಡಿಯುತ್ತವೆ, ಹಲ್ಲು ಕಡಿಯುತ್ತವೆ, ಅಲ್ಲಿಯೇ ಉಚ್ಚೆ ಹೋಗುತ್ತವೆ. ಸಾಮಾನ್ಯವಾಗಿ ಇದು ಒಂದೆರಡು ನಿಮಿಷದಲ್ಲಿ ನಿಲ್ಲುತ್ತದೆ. ನೋಡುವವರಿಗೆ ಮಾತ್ರ ಒಂದು ತಾಸು ಕಳೆದಂತೆ ಅನಿಸುತ್ತದೆ. ಆ ಹೊತ್ತಿನಲ್ಲಿ ನಾಯಿಗೆ ಎಚ್ಚರ ಇರುವುದಿಲ್ಲ, ಆದ್ದರಿಂದ ನೋವೂ ತಿಳಿಯುವುದಿಲ್ಲ. ಎದ್ದ ಮೇಲೆ ಸ್ವಲ್ಪ ಹೊತ್ತು ಕಣ್ಣು ಕಾಣದಂತೆ ಗೋಡೆಗೆ ಡಿಕ್ಕಿ ಹೊಡೆಯಬಹುದು, ಮನೆಯವರ ಗುರುತು ಸಿಗದೆ ಗುರ್ ಅನ್ನಬಹುದು, ಹಸಿವು ನೀರಡಿಕೆ ಹೆಚ್ಚಾಗಬಹುದು. ಕೆಲವಕ್ಕೆ ಇದು ನಿಮಿಷಗಳಲ್ಲಿ ಸರಿಹೋಗುತ್ತದೆ, ಕೆಲವಕ್ಕೆ ಒಂದು ದಿನವೂ ಬೇಕಾಗುತ್ತದೆ.

ಆ ಹೊತ್ತಿನಲ್ಲಿ ಏನು ಮಾಡಬೇಕು?

1. ಗಾಬರಿ ಬೀಳಬ್ಯಾಡ್ರಿ. ಮೊದಲು ಮಕ್ಕಳನ್ನು ದೂರ ಕಳಿಸಿ.
2. ಗಡಿಯಾರ ಅಥವಾ ಮೊಬೈಲ್ ನೋಡಿ ಹೊತ್ತು ಗುರುತು ಹಾಕಿಕೊಳ್ಳಿ. ಡಾಕ್ಟರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು.
3. ಹತ್ತಿರ ಇರುವ ಕಲ್ಲು, ಕೊಡ, ಒಲೆ ಸರಿಸಿ. ಮೆಟ್ಟಿಲ ಮೇಲೆ ಅಥವಾ ಬಾವಿಕಟ್ಟೆ ಹತ್ತಿರ ಬಿದ್ದಿದ್ದರೆ ಹಿಂದಿನಿಂದ ಹೋಗಿ, ಕೌದಿಯ ಮೇಲೆ ಎಳೆದುಕೊಂಡು ಸಮತಟ್ಟಾದ ಜಾಗಕ್ಕೆ ತನ್ನಿ.
4. ಕೊರಳಿಗೆ ಸರಪಳಿ ಇದ್ದರೆ ಹುಷಾರಾಗಿ ಬಿಚ್ಚಿ ಅಥವಾ ಗೂಟದ ಕಡೆಯಿಂದ ಕಳಚಿ.
5. ಟಿವಿ ಬಂದ್ ಮಾಡಿ, ದೀಪ ಕಡಿಮೆ ಮಾಡಿ, ಗದ್ದಲ ನಿಲ್ಲಿಸಿ.
6. ಫಿಟ್ಸ್ ಉದ್ದವಾದರೆ ಮೈ ಬಿಸಿಯೇರುತ್ತದೆ. ಪಾದಕ್ಕೆ, ಹೊಟ್ಟೆಗೆ ತಣ್ಣೀರಿನ ಒದ್ದೆ ಬಟ್ಟೆ ಒತ್ತಿ, ಗಾಳಿ ಹಾಕಿ. ಐಸ್ ನೀರು ಸುರಿಯಬೇಡಿ.
7. ಪೂರ್ತಿ ಎಚ್ಚರವಾಗಿ ಸರಿಯಾಗಿ ನಿಂತ ಮೇಲಷ್ಟೇ ನೀರು, ಅನ್ನ ಕೊಡಿ.

ಏನು ಮಾಡಬಾರದು?

ಬಾಯೊಳಗೆ ಕೈ ಹಾಕಲೇಬಾರದು. “ನಾಲಿಗಿ ನುಂಗಿ ಬಿಡತೈತಿ” ಅನ್ನುವುದು ತಪ್ಪು ಕಲ್ಪನೆ. ನಾಯಿ ನಾಲಿಗೆ ನುಂಗುವುದಿಲ್ಲ, ಆದರೆ ಎಚ್ಚರವಿಲ್ಲದೆ ನಿಮ್ಮ ಬೆರಳು ಕಡಿಯಬಹುದು. ಚಮಚ, ಕೋಲು ಸಹ ತುರುಕಬಾರದು. ಕಾಲುಗಳನ್ನು ಒತ್ತಿ ಹಿಡಿಯಬಾರದು. ಕಬ್ಬಿಣದ ಕೀಲಿಕೈ ಹಿಡಿಸುವುದು, ಉಳ್ಳಾಗಡ್ಡಿ ಅಥವಾ ಚಪ್ಪಲಿ ಮೂಸಿಸುವುದು ನಾಯಿಗೂ ಪ್ರಯೋಜನವಿಲ್ಲ, ಮನುಷ್ಯರಿಗೂ ಇಲ್ಲ. ಕೀಲಿಕೈ ಕೊಟ್ಟ ಮೇಲೆ ನಿಂತಂತೆ ಕಂಡರೆ, ಅದು ತಾನಾಗಿಯೇ ನಿಲ್ಲುವ ಹೊತ್ತು ಬಂದಿತ್ತು ಅಷ್ಟೇ.

ಯಾವಾಗ ತಡ ಮಾಡಬಾರದು?

ಫಿಟ್ಸ್ ಐದು ನಿಮಿಷ ದಾಟಿದರೆ, ಒಂದು ನಿಂತು ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೆ, ಅಥವಾ ಒಂದೇ ದಿನದಲ್ಲಿ ಎರಡಕ್ಕಿಂತ ಹೆಚ್ಚು ಬಂದರೆ ಜೀವಕ್ಕೆ ಅಪಾಯ. ನಾಯಿಯನ್ನು ಕೌದಿ ಅಥವಾ ಗೋಣಿತಾಟಿನ ಮೇಲೆ ಮಲಗಿಸಿ ಕೂಡಲೇ ಪಶು ದವಾಖಾನೆಗೆ ಒಯ್ಯಬೇಕು. ಪಶುವೈದ್ಯಕೀಯ ಸಹಾಯವಾಣಿ 1962ಕ್ಕೂ ಫೋನ್ ಮಾಡಿ ಕೇಳಬಹುದು. ಒಂದೇ ಸಲ ಬಂದು ಬೇಗ ನಿಂತಿದ್ದರೆ ರಾತ್ರೋರಾತ್ರಿ ಓಡುವ ಅಗತ್ಯವಿಲ್ಲ, ಆದರೆ ಮರುದಿನ ಡಾಕ್ಟರಿಗೆ ತೋರಿಸಲೇಬೇಕು.

ಹುಚ್ಚುನಾಯಿ ರೋಗ ಇರಬಹುದೇ?

ಇದು ಮುಖ್ಯ ಪ್ರಶ್ನೆ. ಫಿಟ್ಸ್ ಬಂದ ನಾಯಿಗಳೆಲ್ಲ ಹುಚ್ಚು ನಾಯಿಗಳಲ್ಲ. ಆದರೆ ರೇಬೀಸ್ ತಗುಲಿದ ನಾಯಿಗೂ ಫಿಟ್ಸ್ ಬರಬಹುದು. ಸಾಮಾನ್ಯ ಫಿಟ್ಸ್ ಆದರೆ ನಾಯಿ ಎದ್ದ ಮೇಲೆ ಮೊದಲಿನಂತಾಗುತ್ತದೆ, ಹೆಸರು ಕರೆದರೆ ಬಾಲ ಅಲ್ಲಾಡಿಸುತ್ತದೆ. ರೇಬೀಸ್ ಇದ್ದ ನಾಯಿ ದಿನದಿಂದ ದಿನಕ್ಕೆ ಕೆಡುತ್ತದೆ. ದನಿ ಬದಲಾಗುತ್ತದೆ, ಕೆಳದವಡೆ ಜೋತು ಬೀಳುತ್ತದೆ, ನುಂಗಲು ಬರುವುದಿಲ್ಲ, ಕಾರಣವಿಲ್ಲದೆ ಕಚ್ಚುತ್ತದೆ, ಲಕ್ಷಣ ಕಂಡ ಸುಮಾರು ಹತ್ತು ದಿನದೊಳಗೆ ಸಾಯುತ್ತದೆ.

ಕಣ್ಣಳತೆಯಲ್ಲಿ ತೀರ್ಮಾನ ಮಾಡಬೇಡಿ. ನಾಯಿಗೆ ಲಸಿಕೆ ಹಾಕಿಸಿಲ್ಲ, ಹಿಂದಿನ ತಿಂಗಳುಗಳಲ್ಲಿ ಬೀದಿನಾಯಿ ಅಥವಾ ನರಿ ಕಚ್ಚಿತ್ತು ಅಥವಾ ಸ್ವಭಾವ ಬದಲಾಗಿದೆ ಎಂದಾದರೆ ಮುಟ್ಟದೆ ಕೋಣೆಯಲ್ಲಿ ಕೂಡಿ ಹಾಕಿ ಪಶುವೈದ್ಯರನ್ನು ಕರೆಯಿರಿ. ಕಚ್ಚಿದ್ದರೆ, ಪರಚಿದ್ದರೆ, ಜೊಲ್ಲು ಗಾಯಕ್ಕೆ ತಾಗಿದ್ದರೆ 15 ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಅಂದೇ ಸರಕಾರಿ ಆಸ್ಪತ್ರೆಗೆ ಹೋಗಿ. ಸುಣ್ಣ, ಖಾರದಪುಡಿ ಹಚ್ಚಬೇಡಿ. ಹೇಳಿದ ಡೋಸ್ ಎಲ್ಲವನ್ನೂ ಮುಗಿಸಿ. ರೋಗ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧವಿಲ್ಲ. ಮೊದಲೇ ಲಸಿಕೆ ಹಾಕಿಸಿದ್ದರೆ ಈ ಹೆದರಿಕೆ ಬಹುಮಟ್ಟಿಗೆ ತಪ್ಪುತ್ತದೆ.

ಫಿಟ್ಸ್ ಯಾಕೆ ಬರುತ್ತದೆ?

ಆರು ತಿಂಗಳಿಂದ ಆರು ವರ್ಷದೊಳಗಿನ ನಾಯಿಗೆ ಮೊದಲ ಸಲ ಬಂದು, ನಡುವಿನ ದಿನಗಳಲ್ಲಿ ಅದು ಪೂರ್ತಿ ಚೆನ್ನಾಗಿದ್ದರೆ, ಹೆಚ್ಚಾಗಿ ಅದು ಹುಟ್ಟಿನಿಂದ ಬಂದ ಮೂರ್ಛೆರೋಗ. ಇಂಥ ನಾಯಿಯಿಂದ ಮರಿ ಮಾಡಿಸಬಾರದು, ಮರಿಗಳಿಗೂ ಬರಬಹುದು.

ಎರಡನೆಯದು ವಿಷ. ಗದ್ದೆ, ಗೋವಿನಜೋಳ, ಕಬ್ಬಿಗೆ ಹೊಡೆಯುವ ಕೀಟನಾಶಕ, ಇಲಿಪಾಷಾಣ ನಾಯಿಯ ಹೊಟ್ಟೆಗೆ ಹೋದರೆ ಜೊಲ್ಲು, ನಡುಕ, ಭೇದಿ ಜೊತೆಗೆ ಫಿಟ್ಸ್ ಬರುತ್ತದೆ. ಆಗ ಔಷಧದ ಡಬ್ಬಿ ಅಥವಾ ಚೀಟಿಯನ್ನೂ ಡಾಕ್ಟರ ಹತ್ತಿರ ಒಯ್ಯಿರಿ. ಅದುರುತ್ತಿರುವ ನಾಯಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ನೀರು ಶ್ವಾಸಕ್ಕೆ ಹೋಗುತ್ತದೆ.

ಮೂರನೆಯದು ಡಿಸ್ಟೆಂಪರ್ ಎಂಬ ವೈರಸ್ ರೋಗ. ಜ್ವರ, ಕಣ್ಣು ಮೂಗಿನಲ್ಲಿ ಕೀವು ಬಂದು ಕೊನೆಗೆ ಮೆದುಳಿಗೆ ಏರುತ್ತದೆ. ಮರಿ ಇದ್ದಾಗಲೇ ಲಸಿಕೆ ಹಾಕಿಸಿದರೆ ತಡೆಯಬಹುದು. ಈ ವೈರಸ್ ಕಾಡುಪ್ರಾಣಿಗೂ ಹರಡುತ್ತದೆ. 2018ರಲ್ಲಿ ಗುಜರಾತಿನ ಗೀರ್ ಕಾಡಿನಲ್ಲಿ ಸಿಂಹಗಳು ಸಾಲಾಗಿ ಸತ್ತಾಗ ಹಲವುಗಳ ಮೈಯಲ್ಲಿ ಇದೇ ವೈರಸ್ ಸಿಕ್ಕಿತು. ನಮ್ಮ ಮಗ್ಗುಲಲ್ಲೇ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಇದೆ. ನಮ್ಮ ನಾಯಿಗೆ ಹಾಕಿಸಿದ ಲಸಿಕೆ ಆ ಕಾಡಿಗೂ ಕಾವಲು.

ಗುಳಿಗೆ ಮತ್ತು ಲೆಕ್ಕದ ಪುಸ್ತಕ

ಆರು ತಿಂಗಳಲ್ಲಿ ಎರಡು ಅಥವಾ ಹೆಚ್ಚು ಸಲ ಫಿಟ್ಸ್ ಬಂದರೆ ಸಾಮಾನ್ಯವಾಗಿ ಡಾಕ್ಟರು ದಿನದ ಗುಳಿಗೆ ಶುರು ಮಾಡುತ್ತಾರೆ. ಹೆಚ್ಚಾಗಿ ಕೊಡುವುದು ಫಿನೋಬಾರ್ಬಿಟೋನ್. ಇದು ಮೂರ್ಛೆರೋಗವನ್ನು ತಡೆಯುತ್ತದೆ ಎಂದು 1912ರಲ್ಲಿ ಜರ್ಮನಿಯ ವೈದ್ಯ ಆಲ್ಫ್ರೆಡ್ ಹಾಪ್ಟ್‌ಮನ್ ತೋರಿಸಿಕೊಟ್ಟರು. ಮನುಷ್ಯರಿಗೆ ಕೊಡುವ ಗುಳಿಗೆಯೇ ನಾಯಿಗೂ. ಆದರೆ ಪ್ರಮಾಣ ಬೇರೆ. ಆದ್ದರಿಂದ ಡಾಕ್ಟರ ಚೀಟಿ ಇಲ್ಲದೆ ಮನೆಯವರ ಗುಳಿಗೆಯನ್ನು ನಾಯಿಗೆ ಕೊಡಬಾರದು.

ಹನ್ನೆರಡು ತಾಸಿಗೊಮ್ಮೆ, ದಿನಕ್ಕೆ ಎರಡು ಸಲ ಕೊಡಬೇಕು. ರಕ್ತದಲ್ಲಿ ಔಷಧ ಸರಿಯಾಗಿ ನಿಲ್ಲಲು ಸುಮಾರು ಎರಡು ವಾರ ಬೇಕು. ಮೊದಮೊದಲು ತೂಕಡಿಕೆ, ತೂರಾಟ, ಹೆಚ್ಚು ಹಸಿವು ಕಾಣಬಹುದು. ಕೆಲವು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ಲಿವರ್ ನೋಡಬೇಕು. ಬಹಳ ಮಂದಿ ಎಡವುವುದು ಇಲ್ಲಿ: ಎರಡು ತಿಂಗಳು ಫಿಟ್ಸ್ ಬರಲಿಲ್ಲ ಅಂತ ಗುಳಿಗೆ ಒಮ್ಮೆಲೇ ನಿಲ್ಲಿಸಿಬಿಡುತ್ತಾರೆ. ಆಗ ಮೊದಲಿಗಿಂತ ಜೋರಾಗಿ ಬಂದು ನಾಯಿ ಸಾಯಬಹುದು. ಫಿಟ್ಸ್ ಬರದೇ ಇರುವುದು ಗುಳಿಗೆಯಿಂದಲೇ. ವಾರದ ಉಳಿತಾಯ ತಪ್ಪಿಸಬಾರದು ಎಂದು ನಮಗೆ ಗೊತ್ತಿದೆಯಲ್ಲ, ಗುಳಿಗೆಯೂ ಹಾಗೆಯೇ.

ಸಂಘದ ಲೆಕ್ಕ ಬರೆಯುವ ಕೈಗೆ ಇನ್ನೊಂದು ಪುಸ್ತಕ ಭಾರವಲ್ಲ. ತಾರೀಖು, ಹೊತ್ತು, ಎಷ್ಟು ನಿಮಿಷ, ಅದಕ್ಕೂ ಮೊದಲು ಏನು ತಿಂದಿತ್ತು, ಎದ್ದ ಮೇಲೆ ಹೇಗಿತ್ತು ಎಂದು ಬರೆದಿಡಿ. ಓದು ಬಾರದಿದ್ದರೆ ಶಾಲೆಗೆ ಹೋಗುವ ಮಗನೋ ಮಗಳೋ ಬರೆಯಲಿ. ಸಾಧ್ಯವಾದರೆ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ದವಾಖಾನೆಗೆ ಹೋದಾಗ ನಾಯಿ ಚೆನ್ನಾಗಿಯೇ ಇರುತ್ತದೆ, ಡಾಕ್ಟರಿಗೆ ದಾರಿ ತೋರಿಸುವುದು ಈ ಪುಸ್ತಕವೇ.

ಮನೆಯವರ ಕಷ್ಟ

ಫಿಟ್ಸ್ ಹೆಚ್ಚಾಗಿ ರಾತ್ರಿ, ನಿದ್ದೆಯಲ್ಲಿ ಬರುತ್ತದೆ. ಎದ್ದು ನೋಡುವವಳು, ಒರೆಸುವವಳು, ಗುಳಿಗೆ ನೆನಪಿಡುವವಳು ಮನೆಯ ಹೆಣ್ಣೇ. ಈ ಕೆಲಸವನ್ನು ಗಂಡ, ಮಕ್ಕಳು ಹಂಚಿಕೊಳ್ಳಲಿ. ಗುಳಿಗೆಯ ಹಣವನ್ನು ತಿಂಗಳ ಖರ್ಚಿನಲ್ಲಿ ಮೊದಲೇ ತೆಗೆದಿಡಿ. ನಾಯಿಯನ್ನು ಒಂಟಿಯಾಗಿ ಹೊಳೆಗೆ, ಕೆರೆಗೆ ಬಿಡಬೇಡಿ, ನೀರಿನಲ್ಲಿ ಫಿಟ್ಸ್ ಬಂದರೆ ಮುಳುಗುತ್ತದೆ.

ಔಷಧ ಕೊಟ್ಟರೂ ಎಲ್ಲ ನಾಯಿಗಳಿಗೂ ಫಿಟ್ಸ್ ಪೂರ್ತಿ ನಿಲ್ಲುವುದಿಲ್ಲ. ತಿಂಗಳಿಗೆ ನಾಲ್ಕು ಬರುತ್ತಿದ್ದದ್ದು ಒಂದಕ್ಕೆ ಇಳಿದರೂ ಅದು ಲಾಭವೇ. ಯಾವ ಔಷಧಕ್ಕೂ ಬಗ್ಗದೆ ನಾಯಿ ನರಳುತ್ತಿದ್ದರೆ ಮುಂದೇನು ಎಂದು ಪಶುವೈದ್ಯರ ಜೊತೆ ಮನಬಿಚ್ಚಿ ಮಾತಾಡಿ. ಅಡವಿಗೆ ಬಿಡುವುದು, ಹೊಡೆದು ಹಾಕುವುದು ಮಾತ್ರ ಪರಿಹಾರ ಅಲ್ಲ.

ಆಗಸ್ಟ್ 16ರಂದು ಹಬ್ಬ ಆಚರಿಸುವ ಸಂತ ರೋಖರ ಪ್ರತಿಮೆಯನ್ನು ಕೆಲವರು ನೋಡಿರಬಹುದು. ಪ್ಲೇಗ್ ಹಿಡಿದು ಕಾಡಿನಲ್ಲಿ ಒಬ್ಬರೇ ಬಿದ್ದಿದ್ದ ಅವರಿಗೆ ಒಂದು ನಾಯಿ ದಿನವೂ ರೊಟ್ಟಿ ತಂದುಕೊಟ್ಟಿತು ಎಂದು ಪರಂಪರೆ ಹೇಳುತ್ತದೆ. ಅದಕ್ಕೇ ಅವರ ಪಕ್ಕದಲ್ಲಿ ನಾಯಿಯನ್ನು ತೋರಿಸುತ್ತಾರೆ. ಕಾಯಿಲೆ ಬಿದ್ದವನನ್ನು ನಾಯಿ ಕೈಬಿಡಲಿಲ್ಲ. ಕಾಯಿಲೆ ಬಿದ್ದ ನಾಯಿಯನ್ನು ನಾವೂ ಬಿಡುವುದು ಬೇಡ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘದ ಎಷ್ಟು ಮನೆಗಳ ನಾಯಿಗೆ ಈ ವರ್ಷ ರೇಬೀಸ್ ಲಸಿಕೆ ಆಗಿದೆ? ಆಗದವುಗಳ ಪಟ್ಟಿ ಮಾಡಿ.
2. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಹೊತ್ತಿಗೆ ನಮ್ಮ ಊರಿನಲ್ಲಿ ಲಸಿಕಾ ಶಿಬಿರ ಮಾಡಲು ಪಶು ಆಸ್ಪತ್ರೆಗೆ ಅರ್ಜಿ ಕೊಡುವವರು ಯಾರು?
3. ಊರಿನಲ್ಲಿ ಮೂರ್ಛೆರೋಗ ಇರುವ ಮನುಷ್ಯರನ್ನು ನಾವು ಹೇಗೆ ಕಾಣುತ್ತೇವೆ? ಅವರಿಗೂ ಕೀಲಿಕೈ ಹಿಡಿಸುವ ಬದಲು ಏನು ಮಾಡಬೇಕು?
4. ಕೀಟನಾಶಕ, ಇಲಿಪಾಷಾಣದ ಡಬ್ಬಿಗಳನ್ನು ಮನೆಯಲ್ಲಿ ಎಲ್ಲಿ ಇಡುತ್ತೇವೆ?