ಕುಡುಗೋಲು ದಂಡದ ಯಂತ್ರ: ಅದರ ರಚನೆ ಮತ್ತು ಎಚ್ಚರಿಕೆಯ ಬಳಕೆ

ಕುಡುಗೋಲಿನಿಂದ ಹುಲ್ಲು ಕೊಯ್ಯುವವರನ್ನು ನಾವೆಲ್ಲರೂ ಕಂಡಿದ್ದೇವೆ. ಒಂದು ಕೈ ಹುಲ್ಲನ್ನು ಹಿಡಿಯುತ್ತದೆ. ಇನ್ನೊಂದು ಕೈ ಅಲಗನ್ನೆಳೆದು ಕೊಯ್ಯುತ್ತದೆ. ಹಿಡಿಯುವ ಮತ್ತು ಕೊಯ್ಯುವ ಈ ಎರಡು ಕೆಲಸಗಳನ್ನೂ ಯಂತ್ರಕ್ಕೆ ಒಪ್ಪಿಸಬೇಕೆಂಬ ಪ್ರಯತ್ನವು ಹತ್ತೊಂಬತ್ತನೆಯ ಶತಮಾನದಲ್ಲಿ ಫಲಿಸಿತು. ಅಮೆರಿಕದಲ್ಲಿ ಓಬೆಡ್ ಹಸ್ಸಿ ಎಂಬಾತನು 1833ರಲ್ಲಿಯೂ ಸೈರಸ್ ಮೆಕಾರ್ಮಿಕ್ ಎಂಬಾತನು 1834ರಲ್ಲಿಯೂ ಕೊಯ್ಲಿನ ಯಂತ್ರಗಳಿಗೆ ಪೇಟೆಂಟು ಪಡೆದರು. ಆಗ ಅವನ್ನು ಕುದುರೆಗಳು ಎಳೆಯುತ್ತಿದ್ದವು. ಈಗ ಆ ಕೆಲಸವನ್ನು ಟ್ರ್ಯಾಕ್ಟರು ಮಾಡುತ್ತದೆ. ಅಂತಹ ಯಂತ್ರವೊಂದನ್ನು ಚೆನ್ನಾಗಿಯೂ ಅಪಾಯವಿಲ್ಲದೆಯೂ ನಡೆಸುವ ಬಗೆಯನ್ನು ಇಲ್ಲಿ ವಿಚಾರಿಸೋಣ.

ರಚನೆ

ಟ್ರ್ಯಾಕ್ಟರಿನ ಬಲಪಕ್ಕಕ್ಕೆ ಚಾಚಿಕೊಂಡಿರುವ, ಐದರಿಂದ ಏಳು ಅಡಿ ಉದ್ದದ ಉಕ್ಕಿನ ದಂಡವೇ ಈ ಯಂತ್ರದ ಮುಖ್ಯಾಂಗ. ಅದರ ಮುಂಭಾಗದಲ್ಲಿ ಬೆರಳುಗಳಂತೆ ಸಾಲಾಗಿ ನಿಂತಿರುವ ಚೂಪಾದ ಕಾವಲುಗಳುಂಟು. ಇವು ಹುಲ್ಲನ್ನು ಬಾಚಿ ಹಿಡಿಯುತ್ತವೆ. ಪ್ರತಿ ಕಾವಲಿನೊಳಗೆ ಅಡಿಪಟ್ಟಿಯೊಂದಿದೆ. ಕಾವಲುಗಳ ನಡುವೆ, ತ್ರಿಕೋನಾಕಾರದ ಅಲಗುಗಳನ್ನು ರಿವೆಟ್ ಮಾಡಿದ ಪಟ್ಟಿಯೊಂದು ಎಡಬಲಕ್ಕೆ ಅತಿವೇಗವಾಗಿ ಸರಿದಾಡುತ್ತದೆ. ಅಡಿಪಟ್ಟಿಗೂ ಅಲಗಿಗೂ ನಡುವೆ ಸಿಕ್ಕ ಹುಲ್ಲು ಕತ್ತರಿಯಲ್ಲಿ ಸಿಕ್ಕ ಬಟ್ಟೆಯಂತೆ ತುಂಡಾಗುತ್ತದೆ. ಕತ್ತರಿಯ ತತ್ತ್ವವನ್ನು ಅರಿತವನಿಗೆ ಈ ಯಂತ್ರದ ಮರ್ಮವೆಲ್ಲವೂ ಅರಿತಂತೆಯೇ ಸರಿ.

ಹೊಂದಾಣಿಕೆ

ಕತ್ತರಿಯ ತಿರುಪು ಸಡಿಲವಾದರೆ ಬಟ್ಟೆಯು ತುಂಡಾಗದೆ ಎರಡು ಅಲಗುಗಳ ನಡುವೆ ಮಡಚಿಕೊಳ್ಳುವುದನ್ನು ವಿದ್ಯಾರ್ಥಿಗಳು ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಇಲ್ಲಿಯೂ ಹಾಗೆಯೇ. ಅಲಗುಗಳು ಅಡಿಪಟ್ಟಿಯ ಮೇಲೆ ಸಮನಾಗಿ ಕುಳಿತಿರಬೇಕು. ಅವನ್ನು ಅದುಮಿ ಹಿಡಿಯುವ ಕೊಂಡಿಗಳು ಸಡಿಲವಾಗಿಯೂ ಇರಬಾರದು, ಅಲಗಿನ ಓಟವನ್ನು ತಡೆಯುವಷ್ಟು ಬಿಗಿಯಾಗಿಯೂ ಇರಬಾರದು. ಅಲಗು ಒಂದೊಂದು ಕಡೆಗೆ ಸರಿದು ನಿಲ್ಲುವಾಗ ಅದರ ಮಧ್ಯವು ಕಾವಲಿನ ಮಧ್ಯಕ್ಕೆ ಸರಿಯಾಗಿ ಬರಬೇಕು. ಮೊಂಡಾದ ಅಲಗನ್ನು ಮೊದಲಿನ ಇಳಿಜಾರಿನಲ್ಲಿಯೇ ಮಸೆಯಬೇಕು, ಮುರಿದುದನ್ನು ಬದಲಾಯಿಸಬೇಕು.

ಇನ್ನೊಂದು ಸೂಕ್ಷ್ಮವುಂಟು. ನಡೆಯುವಾಗ ಹುಲ್ಲಿನ ತಡೆಯಿಂದ ದಂಡದ ಹೊರತುದಿಯು ಹಿಂದಕ್ಕೆ ಜಗ್ಗುತ್ತದೆ. ಆದುದರಿಂದ ಯಂತ್ರ ನಿಂತಿರುವಾಗಲೇ ಹೊರತುದಿಯನ್ನು ತುಸು ಮುಂದಕ್ಕೆ ಇಡುವುದು ವಾಡಿಕೆ: ಸಾಮಾನ್ಯವಾಗಿ ದಂಡದ ಪ್ರತಿ ಅಡಿಗೆ ಕಾಲು ಅಂಗುಲದಂತೆ. ಆಗ ಕೆಲಸದ ಕಾಲದಲ್ಲಿ ಅದು ನೆಟ್ಟಗಾಗುತ್ತದೆ. ಆಯಾ ಯಂತ್ರದ ಕೈಪಿಡಿಯಲ್ಲಿ ಹೇಳಿರುವ ಅಳತೆಯೇ ಕೊನೆಯ ಮಾತು.

ನಡೆಸುವ ಕ್ರಮ

ಯಂತ್ರವನ್ನು ಇಳಿಸುವ ಮೊದಲು ಹೊಲವನ್ನು ಕಾಲ್ನಡಿಗೆಯಲ್ಲಿ ಸುತ್ತಿ ಬರತಕ್ಕದ್ದು. ಕಲ್ಲು, ತಂತಿ, ಗೂಟಗಳನ್ನು ತೆಗೆಯಬೇಕು. ತೆಗೆಯಲಾಗದ ಹಳ್ಳಗುಂಡಿಗಳಿಗೆ ಗುರುತು ನೆಡಬೇಕು. ಎತ್ತರದ ಹುಲ್ಲಿನಲ್ಲಿ ಮಲಗಿದ ಕರುವಾಗಲಿ, ಅಡಗಿ ಆಡುವ ಮಗುವಾಗಲಿ ಚಾಲಕನ ಕಣ್ಣಿಗೆ ಬೀಳುವುದಿಲ್ಲವೆಂಬುದನ್ನು ಎಂದೂ ಮರೆಯಕೂಡದು.

ಯಂತ್ರಕ್ಕೆ ಶಕ್ತಿಯನ್ನು ಒಯ್ಯುವ ಪಿ.ಟಿ.ಓ. ದಂಡವು ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗಬೇಕೆಂದು ನಿಗದಿಯಾಗಿದೆ. ಗಂಟೆಗೆ 5ರಿಂದ 8 ಕಿಲೋಮೀಟರು ನಡಿಗೆ ಸಾಕು. ದಟ್ಟವಾದ ಹುಲ್ಲು ಬಂದರೆ ಕೆಳಗಿನ ಗೇರಿಗೆ ಬರಬೇಕೇ ಹೊರತು ಎಂಜಿನ್ನಿನ ವೇಗವನ್ನು ತಗ್ಗಿಸಬಾರದು. ತಗ್ಗಿಸಿದರೆ ಅಲಗಿನ ವೇಗವೂ ತಗ್ಗಿ ಹುಲ್ಲು ಸಿಕ್ಕಿಕೊಳ್ಳುತ್ತದೆ.

ಅಪಾಯವಿರುವ ಸ್ಥಳ

ಹುಲ್ಲು ಸಿಕ್ಕಿಕೊಂಡ ಆ ಕ್ಷಣವೇ ಅತ್ಯಂತ ಅಪಾಯದ ಕ್ಷಣ. ಅಲಗು ನಿಂತಂತೆ ಕಾಣುತ್ತದೆ. ಎಂಜಿನ್ ಮಾತ್ರ ನಡೆಯುತ್ತಿರುತ್ತದೆ. 'ಒಂದು ಹಿಡಿ ಹುಲ್ಲು ತಾನೆ, ಕಿತ್ತುಬಿಡೋಣ' ಎಂದು ಕೈ ಮುಂದಾಗುತ್ತದೆ. ಹುಲ್ಲು ಸಡಿಲಿದೊಡನೆ ಅಲಗು ಹಾರುತ್ತದೆ. ಬೆರಳು ಹುಲ್ಲಿಗಿಂತ ಗಟ್ಟಿಯೆಂದು ಅದು ಬಗೆಯುವುದಿಲ್ಲ. ಆದುದರಿಂದ ಕ್ರಮವಿದು: ಮುಂದಿನ ಚಲನೆಯನ್ನು ನಿಲ್ಲಿಸಿ, ಪಿ.ಟಿ.ಓ. ಬಿಡಿಸಿ, ದಂಡವನ್ನು ತುಸು ಎತ್ತಿ ಟ್ರ್ಯಾಕ್ಟರನ್ನು ಹಿಂದಕ್ಕೆ ಸರಿಸಬೇಕು. ಬಳಿಕ ಎಂಜಿನ್ ಆರಿಸಿ, ಬ್ರೇಕು ಹಾಕಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಎಲ್ಲ ಚಲನೆಯೂ ನಿಲ್ಲುವವರೆಗೆ ಕಾದು ಕೆಳಗಿಳಿಯಬೇಕು. ಆಗಲೂ ಕೈಯಿಂದಲ್ಲ, ಕೋಲಿನಿಂದ ಹುಲ್ಲನ್ನು ತೆಗೆಯಬೇಕು.

ಇದನ್ನು ಯೋಚಿಸಿದರೆ ಒಂದು ಸತ್ಯ ಹೊಳೆಯುತ್ತದೆ. ಮೊಂಡಾದ ಅಲಗು ಹರಿತವಾದುದಕ್ಕಿಂತ ಹೆಚ್ಚು ಅಪಾಯಕರ. ಮೊಂಡಾದಷ್ಟೂ ಹುಲ್ಲು ಸಿಕ್ಕಿಕೊಳ್ಳುತ್ತದೆ; ಸಿಕ್ಕಿಕೊಂಡಷ್ಟೂ ಕೈಯನ್ನು ಬಳಿಗೆ ಕರೆಯುತ್ತದೆ. ಯಂತ್ರವನ್ನು ಸುಸ್ಥಿತಿಯಲ್ಲಿಡುವುದೂ ಮೈಯನ್ನು ಕಾಯುವುದೂ ಎರಡಲ್ಲ, ಒಂದೇ.

ಎರಡನೆಯ ಅಪಾಯ ತಿರುಗುವ ಪಿ.ಟಿ.ಓ. ದಂಡದ್ದು. ನಿಮಿಷಕ್ಕೆ 540 ಸುತ್ತೆಂದರೆ ಸೆಕೆಂಡಿಗೆ 9 ಸುತ್ತು. ದಂಡದ ಸುತ್ತಳತೆ 20 ಸೆಂಟಿಮೀಟರೆಂದು ಹಿಡಿದರೆ, ಒಂದೇ ಸೆಕೆಂಡಿನಲ್ಲಿ 180 ಸೆಂಟಿಮೀಟರ್ ಬಟ್ಟೆ ಅದಕ್ಕೆ ಸುತ್ತಿಕೊಳ್ಳುತ್ತದೆ. ಪಂಚೆಯ ತುದಿ, ಸೀರೆಯ ಸೆರಗು, ಹೆಗಲ ವಸ್ತ್ರ, ಬಿಚ್ಚಿದ ಜಡೆ ಯಾವುದು ಸಿಕ್ಕಿದರೂ ಬಿಡಿಸಿಕೊಳ್ಳಲು ಸಮಯವಿರುವುದಿಲ್ಲ. ದಂಡದ ಮೇಲಿನ ಕವಚವನ್ನು ತೆಗೆದಿಡುವುದು, ಅದನ್ನು ದಾಟಿ ಹೋಗುವುದು ಎರಡೂ ಸಲ್ಲದು.

ರಸ್ತೆಯಲ್ಲಿ ಸಾಗಿಸುವಾಗ ಕೊಯ್ಯುವ ದಂಡವನ್ನು ಮೇಲೆತ್ತಿ, ಕೀಲು ಹಾಕಿ, ಅಲಗಿಗೆ ಹೊದಿಕೆ ಕಟ್ಟಬೇಕು.

ಪೋಷಕರಿಗೆ ಎರಡು ಮಾತು

ನಮ್ಮ ಹೊಲಗಳಲ್ಲಿ ಈ ಯಂತ್ರವು ಇನ್ನೂ ಅಪರೂಪವಾಗಿರಬಹುದು. ಆದರೆ ಒಕ್ಕುವ ಯಂತ್ರ, ರೋಟವೇಟರು ಮೊದಲಾದವು ಹಳ್ಳಿಗಳಿಗೆ ಬಂದಿವೆ. ಅವುಗಳಲ್ಲಿ ಅನೇಕವು ಇದೇ ಪಿ.ಟಿ.ಓ. ದಂಡದಿಂದ ನಡೆಯುತ್ತವೆ. ಇಲ್ಲಿ ಹೇಳಿದ ನಿಯಮಗಳು ಅವುಗಳಿಗೂ ಸಲ್ಲುತ್ತವೆ. ಮಕ್ಕಳನ್ನು ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂಡಿಸಿಕೊಂಡು ಹೋಗುವುದು ಪ್ರೀತಿಯ ಗುರುತಲ್ಲ. ಟ್ರ್ಯಾಕ್ಟರಿನಲ್ಲಿ ಒಂದೇ ಆಸನವಿದ್ದರೆ ಅದು ಒಬ್ಬರಿಗೆ ಮಾತ್ರ. ಬಿತ್ತಿದ್ದು ಕೆಟ್ಟರೆ ಮರುವರ್ಷ ಬಿತ್ತಬಹುದು. ಹೋದ ಬೆರಳು ಮರುವರ್ಷ ಚಿಗುರುವುದಿಲ್ಲ.

ಅಭ್ಯಾಸ

1. ಮೊಂಡಾದ ಅಲಗು ಹೆಚ್ಚು ಅಪಾಯಕರವೆಂದು ಹೇಳಲು ಕಾರಣವೇನು?

2. ಹುಲ್ಲು ಸಿಕ್ಕಿಕೊಂಡಾಗ ಅನುಸರಿಸಬೇಕಾದ ಕ್ರಮವನ್ನು ಕೈಪುಸ್ತಕ ನೋಡದೆ ಮನೆಯವರಿಗೆ ಹೇಳಿ ತೋರಿಸಿರಿ.

3. ಒಂದೂವರೆ ಮೀಟರು ಅಗಲ ಕೊಯ್ಯುವ ಯಂತ್ರವು ಗಂಟೆಗೆ 6 ಕಿಲೋಮೀಟರು ನಡೆದರೆ ಒಂದು ಗಂಟೆಯಲ್ಲಿ ಎಷ್ಟು ಹೆಕ್ಟೇರು ಕೊಯ್ದೀತು? ತಿರುವುಗಳಲ್ಲಿ ಕಳೆಯುವ ಕಾಲವನ್ನು ಬಿಟ್ಟು ಲೆಕ್ಕ ಮಾಡಿರಿ. (ಉತ್ತರ: 0.9 ಹೆಕ್ಟೇರು)