ಬಿಗಿದ ಕಾಲನ್ನು ಸಡಿಲಿಸುವ ಮುನ್ನ

ಮೈಸೂರು

ಪುಟ್ಟಿ, ನಿನ್ನ ದೊಡ್ಡಮ್ಮನ ಮಂಡಿನೋವು ನನ್ನ ಮಾತು ಕೇಳುವುದಿಲ್ಲ. ಅವಳೂ ಕೇಳುವುದಿಲ್ಲ ಅನ್ನು.

ಎಂ.ಡಿ. ಮೊದಲ ವರ್ಷದಲ್ಲೇ ವರ್ಕ್‌ಶಾಪ್‌ಗೆ ಸೀಟು ಸಿಕ್ಕಿತು ಅಂತ ನೀನು ಹೇಳಿದಾಗ ನನಗೆ ನಿನಗಿಂತ ಹೆಚ್ಚು ಖುಷಿಯಾಯಿತು. ಪುನರ್ವಸತಿ ವೈದ್ಯಶಾಸ್ತ್ರ ಅಂದರೆ ಏನು ಅಂತ ನೆಂಟರಿಷ್ಟರಿಗೆ ವಿವರಿಸಿ ವಿವರಿಸಿ ಸುಸ್ತಾದವನು ನಾನು. ಈಗ ಮನೆಯಲ್ಲಿ ಇನ್ನೊಬ್ಬಳು ಜೊತೆಯಾದಳಲ್ಲ. ಸ್ಪಾಸ್ಟಿಸಿಟಿ ಅಂದರೆ ಸ್ನಾಯುಬಿಗಿತದ ಪರೀಕ್ಷೆ, ನರ-ಸ್ನಾಯುಗಳ ವಿದ್ಯುತ್ ಅಳೆಯುವ ಇಎಂಜಿ, ಅಲ್ಟ್ರಾಸೌಂಡ್ ನೋಡಿಕೊಂಡು ಬೊಟುಲಿನಮ್ ಟಾಕ್ಸಿನ್ ಚುಚ್ಚುವುದು, ಎಲ್ಲ ಕೈಯಾರೆ ಮಾಡಿಸುತ್ತಾರೆ ಅಂದೆ. "ಏನು ಓದಿಕೊಂಡು ಹೋಗಲಿ ದೊಡ್ಡಪ್ಪ?" ಅಂತ ಕೇಳಿದೆ. ಫೋನಿನಲ್ಲಿ ಹೇಳಿದರೆ ಹೂಂಗುಟ್ಟಿ ಮರೆತುಬಿಡುತ್ತೀಯ. ಅದಕ್ಕೇ ಈ ಕಾಗದ.

ಓದುವುದು ಬಹಳ ಇಲ್ಲ ಕಣಮ್ಮ. ಮುಂಗೈ ಮತ್ತು ಮೀನಖಂಡದ ಅನಾಟಮಿ ಇನ್ನೊಂದು ಸಲ ನೋಡಿಕೊ, ಅಷ್ಟು ಸಾಕು. ಉಳಿದದ್ದನ್ನು ನಿನ್ನ ರೂಮ್‌ಮೇಟ್ ಮೇಲೆ ಕಲಿ. ಅವಳ ಮೂರು ಬೆರಳನ್ನು ನೇರವಾಗಿ ಹಿಡಿದಿಟ್ಟು ಉಂಗುರ ಬೆರಳೊಂದನ್ನೇ ಮಡಿಸಲು ಹೇಳು; ನಡುಗೆಣ್ಣು ಮಡಿಯಿತಾದರೆ ಅದು ಮೇಲ್ಪದರದ ಸ್ನಾಯುವಿನ ಕೆಲಸ. ತುದಿಗೆಣ್ಣು ಮಡಿಯುವುದು ಒಳಪದರದ್ದು. ಹಾಗೆ ಮಡಿಸುತ್ತಿರುವಾಗಲೇ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟರೆ ಯಾವ ಪದರ ಜಾರುತ್ತಿದೆ ಅನ್ನುವುದು ಪರದೆಯ ಮೇಲೆ ಕಾಣುತ್ತದೆ. ಸೂಜಿ ಕಾಣುವಂತೆ ಹಿಡಿಯುವ ಅಭ್ಯಾಸಕ್ಕೆ ಈಗಿನ ಹುಡುಗರು ಕೋಳಿಯ ತೊಡೆ ತರುತ್ತಾರಂತೆ. ನಮ್ಮ ಮನೆಯ ಅಡುಗೆಮನೆಗೆ ಅದನ್ನು ತರುವ ಧೈರ್ಯ ನಿನಗಿಲ್ಲ ಅಂತ ಗೊತ್ತು. ಅಗರ್ ಕುದಿಸಿ ಗಟ್ಟಿ ಮಾಡಿಕೊಂಡರೂ ನಡೆಯುತ್ತದೆ.

ಈಗ ನಾನು ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ವರ್ಕ್‌ಶಾಪ್‌ನಲ್ಲಿ ಎಲ್ಲರ ಕಣ್ಣೂ ಸೂಜಿಯ ಮೇಲಿರುತ್ತದೆ. ಚುಚ್ಚುವುದನ್ನು ಯಾರಾದರೂ ಕಲಿಯಬಹುದು. ಯಾವುದನ್ನು ಚುಚ್ಚಬೇಕು, ಚುಚ್ಚಲೇಬೇಕೇ ಅನ್ನುವುದು ಸೂಜಿಗೆ ಮೊದಲಿನ ಹತ್ತು ನಿಮಿಷದಲ್ಲಿ, ನಿನ್ನ ಅಂಗೈಯಲ್ಲಿ ತೀರ್ಮಾನವಾಗುತ್ತದೆ. ಆ ಹತ್ತು ನಿಮಿಷವನ್ನು ಯಾರಿಗೂ ಬಿಟ್ಟುಕೊಡಬೇಡ.

ಲಕ್ವ ಹೊಡೆದು ಆರೇಳು ತಿಂಗಳಾದ ಒಬ್ಬರು ಮಂಚದ ಮೇಲೆ ಮಲಗಿದ್ದಾರೆ ಅಂದುಕೊ. ಪಾದ ಕೆಳಕ್ಕೆ ಸೆಟೆದಿದೆ, ನಡೆದರೆ ತುದಿಗಾಲು. ಹಿಮ್ಮಡಿಯನ್ನು ಅಂಗೈಯಲ್ಲಿ ಪೂರ್ತಿ ಹಿಡಿ, ಅದು ಹೊರಕ್ಕೆ ವಾಲದಂತೆ ಸ್ವಲ್ಪ ಒಳಕ್ಕೆ ತಿರುಗಿಸಿಕೊ. ವಾಲಿತೋ, ಪಾದದ ನಡುವಿನ ಕೀಲುಗಳೇ ಬಾಗಿ, ಕಣಕಾಲಿನ ಕೀಲೇ ಬಂತು ಅಂತ ನಿನಗೆ ಮೋಸವಾಗುತ್ತದೆ. ಮೊದಲು ಮಂಡಿ ನೇರವಿಟ್ಟು ಪಾದವನ್ನು ಮೇಲಕ್ಕೆ ತಳ್ಳು. ಆಮೇಲೆ ಮಂಡಿ ಮಡಿಸಿ ಅದನ್ನೇ ಮಾಡು. ಮಡಿಸಿದಾಗ ಪಾದ ಸಲೀಸಾಗಿ ಬಂದರೆ ಬಿಗಿ ಇರುವುದು ಮೀನಖಂಡದ ಗ್ಯಾಸ್ಟ್ರಾಕ್ನೀಮಿಯಸ್‌ನಲ್ಲಿ, ಯಾಕೆಂದರೆ ಅದು ಮಂಡಿಯನ್ನೂ ದಾಟಿ ಹೋಗುತ್ತದೆ. ಆಗಲೂ ಬರಲಿಲ್ಲ ಅಂದರೆ ಅದರ ಕೆಳಗಿನ ಸೋಲಿಯಸ್ ಕೂಡ ಪಾಲುದಾರ. ಈ ಪರೀಕ್ಷೆಗೆ ಸ್ವೀಡನ್ನಿನ ಸರ್ಜನ್ ಸಿಲ್ಫ್‌ವರ್‌ಶೋಲ್ಡ್ ಅವರ ಹೆಸರಿದೆ. ಆ ಹೆಸರು ನನ್ನ ನಾಲಿಗೆಯಲ್ಲಿ ಇನ್ನೂ ಸರಿಯಾಗಿ ಹೊರಳುವುದಿಲ್ಲ. ಪುಣ್ಯಾತ್ಮ 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಜಿಮ್ನಾಸ್ಟಿಕ್ಸ್ ಚಿನ್ನ ಗೆದ್ದ ತಂಡದಲ್ಲಿದ್ದವರು. ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆ, ಸಾವಿರಾರು ರೂಪಾಯಿಯ ಔಷಧಿ ಯಾವ ಸ್ನಾಯುವಿಗೆ ಹೋಗಬೇಕು ಅಂತ ಹೇಳುತ್ತದೆ.

ಇನ್ನೊಂದು ಮಾಡು. ಪಾದವನ್ನು ಬಹಳ ನಿಧಾನಕ್ಕೆ ಮೇಲೆತ್ತಿ ಎಲ್ಲಿಯವರೆಗೆ ಬರುತ್ತದೆ ಅಂತ ಗೋನಿಯೋಮೀಟರ್‌ನಲ್ಲಿ ಅಳೆ. ಆಮೇಲೆ ಒಂದೇ ಸಲಕ್ಕೆ ರಭಸವಾಗಿ ಎತ್ತು. ಎಲ್ಲೋ ಒಂದು ಕಡೆ ಗಕ್ಕನೆ ನಿಲ್ಲುತ್ತದೆ, ಆ ಕೋನವನ್ನೂ ಅಳೆ. ಎರಡರ ನಡುವೆ ಅಂತರ ಹೆಚ್ಚಿದ್ದರೆ ಬಿಗಿ ನರದ್ದು, ಟಾಕ್ಸಿನ್ ಕೆಲಸ ಮಾಡುತ್ತದೆ. ಎರಡೂ ಹೆಚ್ಚುಕಮ್ಮಿ ಒಂದೇ ಕಡೆ ನಿಂತರೆ ಸ್ನಾಯುವೇ ಮೊಟಕಾಗಿದೆ. ಅಲ್ಲಿ ಎಷ್ಟು ಯೂನಿಟ್ ಚುಚ್ಚಿದರೂ ದುಡ್ಡು ದಂಡ. ಅವರಿಗೆ ಬೇಕಾದದ್ದು ವಾರಕ್ಕೊಮ್ಮೆ ಬಿಚ್ಚಿ ಸ್ವಲ್ಪ ಸ್ವಲ್ಪವೇ ಮುಂದೆ ತಂದು ಮತ್ತೆ ಹಾಕುವ ಪ್ಲಾಸ್ಟರ್, ಇಲ್ಲವೇ ಸರ್ಜನ್. ಹೀಗೆ ಎರಡು ವೇಗದಲ್ಲಿ ಅಳೆಯುವುದು ಟಾರ್ಡ್ಯೂ ಅವರ ಕ್ರಮ. ಎಲ್ಲರೂ ಬರೆಯುವುದು ಮಾಡಿಫೈಡ್ ಆಶ್‌ವರ್ತ್ ಅಂಕ, 1987ರಿಂದ ಚಾಲ್ತಿಯಲ್ಲಿದೆ, ಬರೆಯಲು ಸುಲಭ. ಆದರೆ ಆ ಅಂಕವೊಂದನ್ನೇ ನೋಡಿದರೆ ಬಿಗಿ ನರದ್ದೋ ಸ್ನಾಯುವಿನದ್ದೋ ತಿಳಿಯುವುದಿಲ್ಲ. ಕೇಸ್ ಶೀಟಿನಲ್ಲಿ 2 ಅಂತ ಬರೆದು ಪಕ್ಕದಲ್ಲಿ ಎರಡು ಕೋನಗಳನ್ನು ಬರೆಯದ ಪಿ.ಜಿ.ಗಳನ್ನು ನಾನು ರೌಂಡ್ಸ್‌ನಲ್ಲಿ ಸುಮ್ಮನೆ ಬಿಟ್ಟವನಲ್ಲ.

ಬಿಗಿ ಅಂದರೆ ಕೆಟ್ಟದ್ದು ಅಂತಲೂ ತಿಳಿಯಬೇಡ. ಮಲೆನಾಡಿನ ಕಡೆಯ ಒಬ್ಬ ಕೊನೆಗಾರ, ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿತ್ತು. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ, ಕಾಲುಗಳೆರಡೂ ಕೊರಡು. "ದಯವಿಟ್ಟು ಸಡಿಲ ಮಾಡಿಕೊಡಿ" ಅಂತ ಚೀಟಿ ಬರೆದು ನಮ್ಮಲ್ಲಿಗೆ ಕಳಿಸಿದ್ದರು. ನಾನು ಏನೂ ಕೇಳುವ ಮೊದಲೇ ಅವರು ವೀಲ್‌ಚೇರಿನಲ್ಲಿ ಕೂತು ಎರಡೂ ತೊಡೆಗೆ ಪಟಪಟ ಬಡಿದುಕೊಂಡರು. ಕಾಲು ಸೆಟೆದು ನೇರವಾಯಿತು, ಮಂಚದ ಕಂಬಿ ಹಿಡಿದು ಎದ್ದು ನಿಂತೇಬಿಟ್ಟರು, ಲುಂಗಿ ಸರಿಮಾಡಿಕೊಂಡು ಮಂಚಕ್ಕೆ ಕೂತರು. "ಇದೊಂದು ಇರೋದಕ್ಕೇ ನಾನು ಯಾರನ್ನೂ ಕರೀದೆ ಎದ್ದೇಳ್ತೀನಿ ಡಾಕ್ಟ್ರೇ, ಇದನ್ನೂ ತೆಗೀಬೇಡಿ" ಅಂದರು. ಅವರ ತೊಂದರೆ ಇದ್ದದ್ದು ರಾತ್ರಿ. ಕಾಲು ಜಾಡಿಸಿ ಜಾಡಿಸಿ ನಿದ್ದೆ ಬರುತ್ತಿರಲಿಲ್ಲ. ಮಲಗುವ ಹೊತ್ತಿಗೆ ಮಾತ್ರ ಸಣ್ಣ ಪ್ರಮಾಣದ ಬ್ಯಾಕ್ಲೋಫೆನ್ ಮಾತ್ರೆ ಕೊಟ್ಟೆವು, ಹಗಲಿನ ಬಿಗಿಯನ್ನು ಅವರಿಗೇ ಬಿಟ್ಟೆವು.

ಇಂಥವರಲ್ಲಿ ಇದ್ದಕ್ಕಿದ್ದಂತೆ ಬಿಗಿ ಹೆಚ್ಚಾಯಿತು ಅಂದರೆ ಔಷಧಿ ಏರಿಸುವ ಮೊದಲು ಹೊದಿಕೆ ಸರಿಸಿ ನೋಡು. ಕಾಲ್ಬೆರಳ ಉಗುರು ಒಳಕ್ಕೆ ಬೆಳೆದಿದೆಯೇ, ಪೃಷ್ಠದಲ್ಲಿ ಹಾಸಿಗೆ ಹುಣ್ಣು ಶುರುವಾಗಿದೆಯೇ, ಮೂತ್ರದಲ್ಲಿ ಸೋಂಕಿದೆಯೇ, ಮಲಬದ್ಧತೆ ಇದೆಯೇ. ನೋವು ತಿಳಿಯದ ಮೈಯಲ್ಲಿ ದೂರು ಕೊಡಲು ಉಳಿದಿರುವುದು ಆ ಸೆಳೆತವೊಂದೇ.

ಬಿಗಿ ಬೇಕೋ ಬೇಡವೋ ಅನ್ನುವ ಅನುಮಾನ ಪರೀಕ್ಷೆಯಿಂದಲೂ ಬಗೆಹರಿಯದಿದ್ದಾಗ ಒಂದು ದಾರಿಯಿದೆ. ನನ್ನ ಮಟ್ಟಿಗೆ ನಮ್ಮ ವಿಭಾಗದ ಅತ್ಯಂತ ಜಾಣ ವಿದ್ಯೆ ಅದು, ವರ್ಕ್‌ಶಾಪ್‌ಗಳಲ್ಲಿ ಮಾತ್ರ ಊಟದ ಮುಂಚಿನ ಕಾಲುಗಂಟೆಯಲ್ಲಿ ಮುಗಿಸಿಬಿಡುತ್ತಾರೆ. ಆ ಸ್ನಾಯುವಿಗೆ ಹೋಗುವ ನರದ ಬಳಿ ಬರೀ ಲಿಗ್ನೋಕೇನ್ ಕೊಡು. ಒಂದೆರಡು ಗಂಟೆ ಬಿಗಿ ಇರುವುದಿಲ್ಲ. ಅಷ್ಟರೊಳಗೆ ಅವರನ್ನು ಎಬ್ಬಿಸಿ, ಹಿಡಿದುಕೊಂಡು ನಡೆಸಿ ನೋಡು. ಹಿಮ್ಮಡಿ ನೆಲ ಮುಟ್ಟಿತೇ, ಇಲ್ಲ ಮಂಡಿಯೇ ಕುಸಿಯಿತೇ? ಮೂರು ತಿಂಗಳ ಔಷಧಿಯ ಫಲ ಹೇಗಿರುತ್ತದೆ ಅಂತ ರೋಗಿಗೂ ಮನೆಯವರಿಗೂ ಆ ಮಧ್ಯಾಹ್ನವೇ ಗೊತ್ತಾಗುತ್ತದೆ. ಬೇಡ ಅಂದರೆ ಸಂಜೆಗೆ ಎಲ್ಲ ಮೊದಲಿನಂತೆ. ರೋಗನಿರ್ಣಯ, ಚಿಕಿತ್ಸೆ ಅಂತ ಪುಸ್ತಕದಲ್ಲಿ ಎರಡು ಅಧ್ಯಾಯ. ಇಲ್ಲಿ ಎರಡೂ ಒಂದೇ ಸಿರಿಂಜಿನಲ್ಲಿವೆ.

ಟಾಕ್ಸಿನ್ ಬಗ್ಗೆ ನಿಮ್ಮ ಮೇಷ್ಟರೇ ಹೇಳುತ್ತಾರೆ. ನಾನು ಎರಡೇ ಮಾತು ಸೇರಿಸುತ್ತೇನೆ. ಒಂದು ಬ್ರಾಂಡಿನ ಯೂನಿಟ್ ಇನ್ನೊಂದು ಬ್ರಾಂಡಿನ ಯೂನಿಟ್ ಅಲ್ಲ, ವಯಲ್ ಕೈಗೆತ್ತಿಕೊಂಡಾಗಲೆಲ್ಲ ಹೆಸರು ಓದು. ಮತ್ತೆ, ಈ ವರ್ಕ್‌ಶಾಪ್‌ಗಳ ಊಟದ ಖರ್ಚು ಎಷ್ಟೋ ಸಲ ಆ ವಯಲ್ ಮಾರುವವರದ್ದೇ. ಅವರನ್ನು ದೂರುವುದಿಲ್ಲ, ಅವರಿಲ್ಲದೆ ನಿಮಗೆ ಅಭ್ಯಾಸಕ್ಕೆ ಔಷಧಿ ಸಿಗುವುದಿಲ್ಲ. ಆದರೆ ಅಂಥ ಕೋಣೆಯಲ್ಲಿ ಎಲ್ಲ ಕಾಲೂ ಇಂಜೆಕ್ಷನ್ ಕೇಳುತ್ತಿರುವಂತೆ ಕಾಣುತ್ತದೆ. ಫಿನಾಲ್ ಬ್ಲಾಕ್ ಹೇಳಿಕೊಡುತ್ತೀರಾ ಸರ್ ಅಂತ ಒಂದು ಸಲ ಕೇಳಿಬಿಡು. ನರಕ್ಕೇ ಹಾಕುವ ಬಹಳ ಅಗ್ಗದ ಮದ್ದು, ಹಳೆಯದು. ಚರ್ಮದ ಸ್ಪರ್ಶ ಒಯ್ಯುವ ನರಕ್ಕೆ ಹಾಕಿದರೆ ಉರಿನೋವು ಅಂಟಿಕೊಳ್ಳುವ ಅಪಾಯವಿದೆ, ಆದ್ದರಿಂದ ಕೈ ಪಳಗಿದವರ ಪಕ್ಕ ನಿಂತೇ ಕಲಿಯಬೇಕು. ಆದರೆ ತೊಡೆಗಳು ಕತ್ತರಿ ಹಾಕಿಕೊಂಡ ಮಗುವನ್ನು ಎತ್ತಿಕೊಂಡು ಹಳ್ಳಿಯಿಂದ ಬಂದ ತಾಯಿಗೆ, ಮೂರು ತಿಂಗಳಿಗೊಮ್ಮೆ ವಯಲ್ ಕೊಳ್ಳಲಾಗದ ತಾಯಿಗೆ, ಅದೇ ಗತಿ.

ಇಎಂಜಿ ದಿನ ಮೊದಲು ರೋಗಿಯ ಕೈ ಮುಟ್ಟಿ ನೋಡು. ಎಸಿ ಕೋಣೆಯಲ್ಲಿ ಅರ್ಧ ಗಂಟೆ ಕೂತವರ ಕೈ ತಣ್ಣಗಾಗಿರುತ್ತದೆ. ತಣ್ಣನೆ ಕೈಯಲ್ಲಿ ನರದ ವೇಗ ಪ್ರತಿ ಡಿಗ್ರಿಗೆ ಸೆಕೆಂಡಿಗೆ ಹತ್ತಿರಹತ್ತಿರ ಎರಡು ಮೀಟರ್ ಇಳಿಯುತ್ತದೆ. ಅದನ್ನು ನೋಡಿ ನರದ ಕಾಯಿಲೆ ಅಂತ ಬರೆದ ರಿಪೋರ್ಟುಗಳು ಊರ ತುಂಬ ಓಡಾಡುತ್ತಿವೆ. ಬಿಸಿನೀರಲ್ಲಿ ಅದ್ದಿಸಿ, ಚರ್ಮ 32 ಡಿಗ್ರಿ ಸೆಲ್ಸಿಯಸ್ ಆದ ಮೇಲೆ ಶುರುಮಾಡು. ನರ ತುಂಡಾದ ಸ್ನಾಯುವಿಗೆ ಸೂಜಿ ಇಟ್ಟಾಗ ಸ್ಪೀಕರಿನಲ್ಲಿ ತಗಡಿನ ಮಾಡಿನ ಮೇಲೆ ಮಳೆಹನಿ ಬಿದ್ದಂತೆ ಸದ್ದು ಬರುತ್ತದೆ. ಆ ಸದ್ದು ಹುಟ್ಟಲು ಪೆಟ್ಟಾಗಿ ಎರಡು ಮೂರು ವಾರ ಬೇಕು. ಮರುದಿನವೇ ಪರೀಕ್ಷೆ ಮಾಡಿ ಎಲ್ಲ ಸರಿಯಿದೆ ಅನ್ನುವವರ ಸಾಲಿಗೆ ನೀನು ಸೇರಬೇಡ.

ಡೆಮೊಗೆ ಬರುವ ರೋಗಿಯ ವಿಷಯ ಒಂದಿದೆ. ಸುತ್ತ ಎಂಟು ಹತ್ತು ಜನ, ಎಲ್ಲರದೂ ಇಂಗ್ಲಿಷು, ನಡುವೆ ಆ ಮನುಷ್ಯ ಬನಿಯನ್ನಿನಲ್ಲಿ ಮಲಗಿರುತ್ತಾನೆ. ನೀನು ಹೋಗಿ ಕನ್ನಡದಲ್ಲಿ ಊರು ಯಾವುದು, ಊಟ ಆಯಿತೇ ಅಂತ ಕೇಳು. ಮೈ ಮುಟ್ಟುವ ಮೊದಲು ಏನು ಮಾಡುತ್ತೀನಿ ಅಂತ ಹೇಳು. ಇದು ಬರೀ ಮರ್ಯಾದೆಯ ಮಾತಲ್ಲ. ಗಾಬರಿಯಾದ ಕೈ ಇನ್ನಷ್ಟು ಬಿಗಿಯುತ್ತದೆ, ನೀನು ಅಳೆದ ಕೋನವೇ ತಪ್ಪಾಗುತ್ತದೆ. ಹಾಗೆಯೇ ಲಕ್ವದ ಕೈಯನ್ನು ಹಿಡಿದೆಳೆದು ಯಾರಾದರೂ ಅವರನ್ನು ಮೇಲೆಬ್ಬಿಸಲು ಹೋದರೆ ತಡೆ, ಅದು ಯಾವ ಪ್ರೊಫೆಸರೇ ಆಗಿರಲಿ. ಸ್ನಾಯುವಿನ ಆಸರೆಯಿಲ್ಲದ ಭುಜ ಜಗ್ಗಿದರೆ ಕೀಲು ಜಾರುತ್ತದೆ, ನೋವು ತಿಂಗಳುಗಟ್ಟಲೆ. ಮೇಲೆಬ್ಬಿಸುವ ಸರಿಯಾದ ಕ್ರಮವನ್ನು ನಿಮ್ಮ ಫಿಸಿಯೋಥೆರಪಿ ವಿಭಾಗದ ಹಳೆಯ ಅಟೆಂಡರ್ ಹತ್ತಿರ ಕಲಿ. ಹೇಳಿಕೊಡಲು ಅವರಿಗಿಂತ ಒಳ್ಳೆಯವರು ಸಿಗುವುದಿಲ್ಲ.

ನಮ್ಮ ಕಾಲಕ್ಕೆ ವಾರ್ಡಿನ ತುಂಬ ಪೋಲಿಯೋ ಮಕ್ಕಳು, ಕ್ಯಾಲಿಪರ್ ಅಳತೆಯೇ ದೊಡ್ಡ ವಿದ್ಯೆ. 2014ರಲ್ಲಿ ದೇಶ ಪೋಲಿಯೋಮುಕ್ತ ಅಂತ ಘೋಷಣೆಯಾಯಿತು. ಆ ಮಂಚಗಳಿಗೆ ಈಗ ಲಕ್ವದವರು, ಬೈಕ್ ಅಪಘಾತದವರು ಬಂದಿದ್ದಾರೆ. ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸ್ ಅವರ ಹೆಸರು ನೀನು ಕೇಳಿರಬೇಕು. 1954ರ ಕಾರು ಅಪಘಾತದಲ್ಲಿ ಅವರ ಸೊಂಟದ ಕೆಳಗಿನ ಸ್ವಾಧೀನವೇ ಹೋಯಿತು. ವೀಲ್‌ಚೇರಿನಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು, ಆಮೇಲೆ ನ್ಯೂಯಾರ್ಕ್‌ಗೆ ಹೋಗಿ ಹೋವರ್ಡ್ ರಸ್ಕ್ ಅವರಲ್ಲಿ ನಮ್ಮ ಪುನರ್ವಸತಿ ವಿದ್ಯೆ ಕಲಿತು ಬಂದು ವೆಲ್ಲೂರಿನ ವಿಭಾಗವನ್ನು ಕಟ್ಟಿದರು. 1966ರಲ್ಲಿ ಅಲ್ಲಿ ಪುನರ್ವಸತಿ ಸಂಸ್ಥೆ ಶುರುವಾಯಿತು. ರಜೆಯಲ್ಲಿ ಬಾ, ಕರೆದುಕೊಂಡು ಹೋಗಿ ತೋರಿಸುತ್ತೇನೆ. ಮೈಸೂರಿನಿಂದ ಎಷ್ಟು ಮಹಾ ದೂರ!

ಕೊನೆಗೆ ಒಂದು ಕೆಲಸ ಹಚ್ಚುತ್ತೇನೆ. ಚುಚ್ಚಿದ ಟಾಕ್ಸಿನ್ ಕೆಲಸ ಶುರುಮಾಡಲು ಮೂರು ದಿನದಿಂದ ಒಂದು ವಾರ ಬೇಕು, ನಾಲ್ಕನೇ ವಾರದ ಸುಮಾರಿಗೆ ಪೂರ್ತಿ ಫಲ, ಮೂರು ತಿಂಗಳಿಗೆ ಇಳಿಮುಖ. ವರ್ಕ್‌ಶಾಪ್ ಸಂಜೆಗೇ ಮುಗಿದು ಎಲ್ಲರೂ ಸರ್ಟಿಫಿಕೇಟ್ ಹಿಡಿದು ಫೋಟೋ ತೆಗೆಸಿಕೊಂಡು ಹೊರಡುತ್ತಾರೆ. ಆ ರೋಗಿಯನ್ನು ನಾಲ್ಕನೇ ವಾರ ಯಾರು ನೋಡುತ್ತಾರೆ ಅಂತ ಕೇಳು. ಯಾರೂ ಇಲ್ಲ ಅಂದರೆ ನಾನು ನೋಡುತ್ತೀನಿ ಅನ್ನು, ಫೋನ್ ನಂಬರ್ ಬರೆದುಕೊ. ಸ್ನಾಯು ಸಡಿಲವಾದ ಆ ಎರಡು ತಿಂಗಳಲ್ಲಿ ಜಗ್ಗಿ ಉದ್ದ ಮಾಡುವುದು, ರಾತ್ರಿ ಸ್ಪ್ಲಿಂಟ್, ನಡಿಗೆಯ ಅಭ್ಯಾಸ ಇವು ಆಗದಿದ್ದರೆ ಚುಚ್ಚಿದ್ದು ಚುಚ್ಚಿದ್ದಕ್ಕೇ ಮುಗಿಯಿತು. ಅವರ ಹೆಂಡತಿಯ ಕೈಯನ್ನು ನಿನ್ನ ಕೈಯಲ್ಲಿ ಹಿಡಿದು, ಹಿಮ್ಮಡಿ ಎಲ್ಲಿ ಹಿಡಿಯಬೇಕು, ಎಷ್ಟು ಒತ್ತಬೇಕು ಅಂತ ತೋರಿಸಿಕೊಡು. ಬಾಯಲ್ಲಿ ಹೇಳಿದರೆ ಬರುವುದಿಲ್ಲ.

ಇತಿ ನಿನ್ನ ದೊಡ್ಡಪ್ಪ.

ತಾ.ಕ.: ನನ್ನ ಸ್ಟೀಲಿನ ಗೋನಿಯೋಮೀಟರ್ ಚಕ್ಕುಲಿ ಡಬ್ಬಿಯ ಜೊತೆ ಪಾರ್ಸೆಲ್ ಮಾಡಿದ್ದೇನೆ. ಸ್ಕ್ರೂ ಸ್ವಲ್ಪ ಸಡಿಲ. ಎಣ್ಣೆ ಕೈಯಲ್ಲಿ ಮುಟ್ಟಿದರೆ ಇನ್ನೂ ಜಾರುತ್ತದೆ, ಚಕ್ಕುಲಿ ಆಮೇಲೆ ತಿನ್ನು.