ಹಿತ್ತಲ ಕೈತೋಟ ಮತ್ತು ಋತುಮಾನ

“ಹಿತ್ತಲ ಗಿಡ ಮದ್ದಲ್ಲ” ಎಂಬ ಗಾದೆಯನ್ನು ಕೇಳದವರು ವಿರಳ. ಸಮೀಪದಲ್ಲಿರುವುದನ್ನು ಮನುಷ್ಯನು ಕಡೆಗಣಿಸುತ್ತಾನೆಂಬುದೇ ಅದರ ತಾತ್ಪರ್ಯ. ನಾನೂ ಹಾಗೆ ಕಡೆಗಣಿಸಿದವನೇ. ಆ ತಪ್ಪಿನಿಂದ ಕಲಿತುದನ್ನು ವಾಚಕ ಮಿತ್ರರ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮ ಮನೆ ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ಮನೆಯ ಹಿಂದೆ 20 ಅಡಿ ಉದ್ದ, 15 ಅಡಿ ಅಗಲದ ಹಿತ್ತಲು. ಅವ್ವ ಓದು ಬರಹ ಬಲ್ಲವಳಲ್ಲ. ಕೂಲಿಯಿಂದ ಬಂದ ಮೇಲೆ ಅಲ್ಲಿ ಸೊಪ್ಪು, ಬದನೆ, ಬೆಂಡೆ ಬೆಳೆಯುತ್ತಾಳೆ. ಹೀಗೆ ಸಂತೆಯ ಖರ್ಚಿನಲ್ಲಿ ಉಳಿದ ಹಣವೇ ನನ್ನ ಬಸ್ಸಿನ ಖರ್ಚಿಗೆ ಒದಗುತ್ತಿತ್ತು. ನಾನು ಪ್ರಥಮ ಬಿ.ಎ. ತರಗತಿಯಲ್ಲಿದ್ದಾಗ, ಶಿವರಾತ್ರಿ ಕಳೆದ ಮೇಲೆ, ಅರ್ಧ ಹಿತ್ತಲಿಗೆ ಅವರೆ ಬೀಜ ಊರಿದೆ. “ಈಗ ಅವರೆ ಹಾಕಬ್ಯಾಡಪ್ಪಾ, ಬಳ್ಳಿ ಹಬ್ಬುತೈತೆ, ಹೂವ ಬಿಡಲ್ಲ” ಎಂದಳು ಅವ್ವ. ನಾನು ಕೇಳಲಿಲ್ಲ. ಬೇಸಿಗೆಯುದ್ದಕ್ಕೂ ಇಬ್ಬರೂ ಕೊಡದಲ್ಲಿ ನೀರು ಹೊತ್ತೆವು. ಚಪ್ಪರದ ತುಂಬ ಬಳ್ಳಿ ಹಬ್ಬಿತು. ಹೂವು ಮಾತ್ರ ಒಂದೂ ಇಲ್ಲ. ಆ ಬೇಸಿಗೆಯಲ್ಲಿ ಕಾಯಿಪಲ್ಯವನ್ನು ಕೊಂಡೇ ತಿನ್ನಬೇಕಾಯಿತು.

ಇದಕ್ಕೆ ಕಾರಣವೇನು? ಅನೇಕ ಸಸ್ಯಗಳು ಹೂ ಬಿಡುವುದು ಹಗಲಿನ ಉದ್ದವನ್ನು ಅನುಸರಿಸಿ. 1920 ರಲ್ಲಿ ಅಮೆರಿಕದ ಗಾರ್ನರ್ ಮತ್ತು ಆಲಾರ್ಡ್ ಎಂಬ ವಿಜ್ಞಾನಿಗಳು ಹೊಗೆಸೊಪ್ಪು, ಸೋಯಾ ಅವರೆಗಳ ಮೇಲೆ ಪ್ರಯೋಗ ನಡೆಸಿ ಈ ಸಂಗತಿಯನ್ನು ಪ್ರಕಟಿಸಿದರು. ನಮ್ಮ ನಾಡ ಅವರೆಯೂ ಹಗಲು ಕಿರಿದಾದಾಗ ಹೂ ಬಿಡುವ ಜಾತಿ. ಶಿವರಾತ್ರಿಯಿಂದಾಚೆಗೆ ಹಗಲು ಬೆಳೆಯುತ್ತ ಹೋಗುವುದರಿಂದ ಬಳ್ಳಿ ಸೊಪ್ಪಾಗಿಯೇ ಉಳಿಯುತ್ತದೆ. ಹೆಬ್ಬಾಳ ಅವರೆಯಂಥ ಸುಧಾರಿತ ತಳಿಗಳಿಗೆ ಮಾತ್ರ ಈ ಕಟ್ಟು ಇಲ್ಲ.

ಆದುದರಿಂದ ಕೈತೋಟಕ್ಕೆ ಕಾಲಜ್ಞಾನವೇ ಮೊದಲ ಬಂಡವಾಳ. ರೋಹಿಣಿ, ಮೃಗಶಿರ ಮಳೆಗಳಲ್ಲಿ ಬೆಂಡೆ, ಹೀರೆ, ಸೌತೆ, ಹಾಗಲ, ಕುಂಬಳಗಳನ್ನು ಊರಬೇಕು. ಬೆಂಡೆಯನ್ನು ಒಂದೂವರೆ ಅಡಿ ಸಾಲಿನಲ್ಲಿ ಒಂದಡಿಗೊಂದರಂತೆ ಹಾಕಿದರೆ ಸುಮಾರು 50 ದಿನಕ್ಕೆ ಕಾಯಿ ದೊರೆಯುತ್ತದೆ. ಬದನೆ, ಮೆಣಸಿನಕಾಯಿಗಳನ್ನು ಮೊದಲು ಒಟ್ಲು ಹಾಕಿ, ತಿಂಗಳ ಸಸಿಯನ್ನು ಕಿತ್ತು ನೆಡಬೇಕು. ಮಳೆ ಹಿಂದೆಗೆದು ಚಳಿ ತೊಡಗಿದಾಗ ಮೂಲಂಗಿ, ಗಜ್ಜರಿ, ಕೋಸು, ಮೆಂತ್ಯ, ಕೊತ್ತಂಬರಿಗಳಿಗೆ ಸಕಾಲ. ಬೇಸಿಗೆಯಲ್ಲಿ ಹರಿವೆ, ಬಸಳೆಗಳೇ ಬಡವರ ಬಂಧು. ಹರಿವೆ ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ.

ಕಾಲದಂತೆ ಸ್ಥಳವನ್ನೂ ನೋಡಬೇಕು. ನಮ್ಮ ತರಗತಿಯಲ್ಲಿ ನಾಲ್ಕು ತಾಲ್ಲೂಕುಗಳ ಗೆಳೆಯರಿದ್ದೇವೆ. ಹೊನ್ನಾಳಿಗೆ ತುಂಗಭದ್ರೆಯ ಆಸರೆಯಿದೆ. ನ್ಯಾಮತಿ ಮಲೆನಾಡಿನ ಮಗ್ಗುಲಲ್ಲಿದೆ. ಅಲ್ಲಿ ಮಳೆಗಾಲದಲ್ಲಿ ನೀರು ನಿಲ್ಲದಂತೆ ಮಡಿಗಳನ್ನು ಎತ್ತರಿಸುವುದು ಒಳಿತು. ಸೂಳೆಕೆರೆಯ ಚನ್ನಗಿರಿಯಲ್ಲಿ ಅಡಿಕೆಯ ನೆರಳು ಬಹಳ. ಬೆಂಡೆ, ಬದನೆಗಳಿಗೆ ಬಿಸಿಲು ಬೀಳುವ ಜಾಗವನ್ನೇ ಆರಿಸಬೇಕು. ಮಳೆ ಕಡಮೆಯ ನಮ್ಮ ಜಗಳೂರಿಗೆ ನುಗ್ಗೆ, ಕರಿಬೇವುಗಳೇ ಲೇಸು. ಬೇರು ಬಿಟ್ಟ ಮೇಲೆ ಅವು ಹೆಚ್ಚು ನೀರು ಬೇಡುವುದಿಲ್ಲ. ಬುಡಕ್ಕೆ ಒಣ ತರಗು ಮುಚ್ಚಿದರೆ ತೇವವೂ ಉಳಿಯುತ್ತದೆ.

ಇನ್ನೆರಡು ಮಾತು. ಬದನೆ ಕಿತ್ತ ಮಡಿಯಲ್ಲಿ ಒಡನೆಯೇ ಟೊಮೇಟೊ, ಮೆಣಸಿನಕಾಯಿಗಳನ್ನು ನೆಡಬಾರದು. ಒಂದೇ ಕುಟುಂಬದ ಗಿಡಗಳಾದ್ದರಿಂದ ರೋಗ ಮಣ್ಣಿನಲ್ಲೇ ಉಳಿದು ಬರುತ್ತದೆ. ಅವರೆ, ಅಲಸಂದೆಗಳ ಬೇರಿನ ಗಂಟುಗಳು ಮಣ್ಣಿಗೆ ಸಾರಜನಕವನ್ನು ಕೂಡಿಸುವುದರಿಂದ ಅವುಗಳ ನಂತರ ಸೊಪ್ಪು ಹಾಕುವುದು ಜಾಣತನ.

ಪ್ರಾಪ್ತ ವಯಸ್ಕರು ದಿನಕ್ಕೆ 300 ಗ್ರಾಂ ತರಕಾರಿ ತಿನ್ನಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2011 ರ ಮಾರ್ಗದರ್ಶಿಯಲ್ಲಿ ಹೇಳಿತು. ಕೂಲಿಯ ಮನೆಗೆ ಅಷ್ಟನ್ನು ಸಂತೆಯಿಂದ ತರುವುದು ಸುಲಭವೇ? ಹಿತ್ತಲೇ ಅದಕ್ಕೆ ದಾರಿ.

ಕಳೆದ ವರ್ಷ ಆರಿದ್ರಾ ಮಳೆಗೆ ಅವ್ವನನ್ನು ಕೇಳಿಯೇ ಅವರೆ ಊರಿದೆ. ಚಳಿ ಬಿದ್ದೊಡನೆ ಚಪ್ಪರ ಹೂವಾಯಿತು. ನಾವು ತಿಂದು, ನೆರೆಮನೆಗೂ ಕೊಟ್ಟೆವು. ನನ್ನ ಪುಸ್ತಕ ಹೇಳಿದ ಕಾರಣವನ್ನು ಅವ್ವನಿಗೆ ವಿವರಿಸಿದಾಗ ಆಕೆ ನಕ್ಕು, “ಅದನ್ನೇ ಅಲ್ಲೇನು ನಾನು ಹೇಳಿದ್ದು?” ಎಂದಳು. ನಮ್ಮ ಮನೆತನದಲ್ಲಿ ಕಾಲೇಜು ಕಂಡ ಮೊದಲಿಗನು ನಾನು. ಕಲಿತವರು ಮನೆಯ ಹಿರಿಯರ ಅನುಭವವನ್ನೂ ಒಂದು ಪಾಠವೆಂದು ಎಣಿಸಿದರೆ ನಮ್ಮ ಓದು ಹಸನಾದೀತೆಂದು ನನ್ನ ನಂಬಿಕೆ.